ಕಾಲುವೆಯಲ್ಲಿ ಮಲಗಿದ ಆಡು

ಗೋಗಿಯ ಆಚೆ, ಉಪಕಾಲುವೆಯ ಕೊನೆಯ ಗೇಟಿನಲ್ಲಿ ಎರಡು ಅಡಿ ನೀರಿದೆ ಎಂದು ನನ್ನ ಶೀಟು ಹೇಳಿತು. ಅದನ್ನು ನಂಬಿ ನಮ್ಮ ಇಂಜಿನಿಯರ್ ಭಗವಂತರಾಯ ಸಾಹೇಬರು ಆ ಪಾಳಿಯ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿಬಿಟ್ಟರು. ಶಹಾಪುರದ ಈ ಕಾಲುವೆ ಕಚೇರಿಯಲ್ಲಿ ನಾನು, ರೇಣಮ್ಮ, ಕಂಪ್ಯೂಟರ್ ಆಪರೇಟರ್. ಮೇಲಿನ ಕಚೇರಿಯಿಂದ ದಿನಾ ಬರುವ ಫೈಲನ್ನು ಓದಿ, ಯಾವ ಗೇಟಿಗೆ ನೀರು ಬೇಕೆಂದು ತಾನೇ ಹೇಳುವ ಎಕ್ಸೆಲ್ ಶೀಟು ನನ್ನದು. ಅದರ ಬಗ್ಗೆ ಯಾರಾದರೂ ಕೊಂಕು ತೆಗೆದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಮರುದಿನ ಮಲ್ಕಪ್ಪ ಬಂದ. ಕೊನೆಯ ಗೇಟಿನ ಕೆಳಗೆ ಭತ್ತ ಹಾಕಿದ ರೈತ. ಕೂಗಾಡಲಿಲ್ಲ, ಫೋನು ತೆಗೆದು ಫೋಟೊ ತೋರಿಸಿದ.

"ನಿಮ್ಮ ಎರಡು ಫೂಟ ನೀರಾಗ ನನ್ನ ಆಡು ಮಕ್ಕೊಂಡದ ನೋಡ್ರಿ."

ಅಳತೆಗಂಬದ ಬುಡದಲ್ಲಿ, ಒಣ ಮಣ್ಣಿನ ಮೇಲೆ, ಕರಿ ಆಡೊಂದು ಆರಾಮಾಗಿ ಮೆಲುಕು ಹಾಕುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಫೈಲು ತೆರೆದೆ. ಮೇಲಿನವರು ನಡುವೆ ಹೊಸ ಕಾಲಂ ಸೇರಿಸಿದ್ದರು, ಗೇಟು ಎಷ್ಟು ಎತ್ತಿದೆ ಎಂದು. ನಾಲ್ಕನೆಯ ಕಾಲಂ ಎಂದರೆ ನೀರಿನ ಆಳ ಎಂದೇ ನನ್ನ ಶೀಟು ತಿಳಿದಿತ್ತು. ಈಗ ಅಲ್ಲಿ ಗೇಟು ಬಂದು ಕೂತಿತ್ತು. ನೀರಿಲ್ಲವೆಂದೇ ಎರಡು ಅಡಿ ಎತ್ತಿಟ್ಟ ಗೇಟು.

"ತೆನಿ ಬರಾಕತ್ತದ ತಂಗಿ," ಎಂದ ಮಲ್ಕಪ್ಪ. "ಮುಂದಿನ ಪಾಳಿನೂ ತಪ್ಪಿದ್ರ ಬರೇ ಜೊಳ್ಳು."

"ಶೀಟು ಸಾಕು," ಎಂದರು ಸಾಹೇಬರು. "ಇನ್ನ ಫೋನ್ ಮಾಡೇ ಕೇಳ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಫೋನಿನಲ್ಲಿ ಕಾಲುವೆಯ ಮೇಲ್ಭಾಗದ ಹಳ್ಳಿಯವರು ಬಾಯಿ ಮಾಡಿ ನೀರು ಪಡೆಯುತ್ತಾರೆ. ಕೊನೆಯವರಿಗೆ ನೆಟ್‌ವರ್ಕೇ ಸಿಗುವುದಿಲ್ಲ.

"ಮುಂದಿನ ಪಾಳಿ ದಿನ ಶೀಟು ಒಂದ್ಸಲ ನೋಡ್ರಿ ಸರ್. ತಪ್ಪಿದ್ರ ನಾನೇ ಅಳಿಸಿ ಹಾಕ್ತೀನಿ."

ಸಂಜೆ ಮನೆಯಲ್ಲಿ ಅವ್ವ ಶಂಕ್ರಮ್ಮ, ಮೇದು ಬಂದ ಕುರಿಗಳ ನಡುವೆ ಮರಿಗಳನ್ನು ಬಿಡುತ್ತಿದ್ದಳು. ಕುರಿಗಳು ಎಲ್ಲೆಂದರಲ್ಲಿ ನಿಂತಿದ್ದವು. ಆದರೂ ಪ್ರತಿ ಮರಿ ಮೂಸಿ ಮೂಸಿ ತನ್ನ ತಾಯಿಯನ್ನೇ ಹಿಡಿಯಿತು. ಒಂದರ ತಾಯಿ ಇನ್ನೂ ಬಂದಿರಲಿಲ್ಲ. ಅದು ಪಕ್ಕದ ಕುರಿಗೆ ಬಾಯಿ ಹಾಕದೆ ಅರಚುತ್ತ ನಿಂತಿತು.

"ಅದಕ್ಕ ಬ್ಯಾರೇದು ನಡಿಯಂಗಿಲ್ಲ," ಎಂದಳು ಅವ್ವ.

ಮರುದಿನ ಶೀಟಿಗೆ ಜಾಗ ಎಣಿಸುವ ಚಟ ಬಿಡಿಸಿದೆ. 'ನೀರಿನ ಆಳ' ಎಂಬ ತಲೆಬರಹ ಎಲ್ಲಿದ್ದರೂ ಹುಡುಕಿ, ಅದರ ಕೆಳಗಿನದನ್ನೇ ತರಬೇಕು. ಸಿಗದಿದ್ದರೆ ಪಕ್ಕದ್ದನ್ನು ಮುಟ್ಟದೆ ಕೆಂಪಗಾಗಿ ಅರಚಬೇಕು.

ಪಾಳಿಯ ದಿನ ಬೆಳಿಗ್ಗೆಯೇ ಮೇಲಿನ ಕಚೇರಿಯವರು ಫೈಲಿನಲ್ಲಿ ಮತ್ತೆ ಕೈಯಾಡಿಸಿದ್ದರು. ಇನ್ನೂ ಎರಡು ಕಾಲಂ, ಎಲ್ಲ ಹಿಂದು ಮುಂದು. ಪಕ್ಕದ ತಾಲೂಕಿನ ಆಪರೇಟರ್ ಗಾಬರಿಯಿಂದ ಫೋನು ಮಾಡಿದ. ಅವನ ಶೀಟು ಗೇಟು ಕಾಯುವವರ ಮೊಬೈಲ್ ನಂಬರನ್ನೇ ನೀರಿನ ಆಳವೆಂದು ತೋರಿಸುತ್ತಿತ್ತಂತೆ.

ನನ್ನ ಶೀಟಿನಲ್ಲಿ ಕೊನೆಯ ಗೇಟಿನ ಮುಂದೆ ಸೊನ್ನೆ ಇತ್ತು. ಅಷ್ಟು ಚೆಂದದ ಸೊನ್ನೆಯನ್ನು ನಾನು ನೋಡಿರಲಿಲ್ಲ. ಸಾಹೇಬರು ಅನುಮಾನದಿಂದಲೇ ಆ ಗೇಟು ಕಾಯುವ ಖಾಜಾಮಿಯಾನಿಗೆ ಫೋನು ಹಚ್ಚಿದರು. ಆ ದಿನ ಪುಣ್ಯಕ್ಕೆ ನೆಟ್‌ವರ್ಕ್ ಸಿಕ್ಕಿತು.

"ಒಂದು ಹನಿ ಇಲ್ರಿ ಸಾಬ್."

ಸಾಹೇಬರು ಶೀಟು ನೋಡಿದರು, ನನ್ನನ್ನು ನೋಡಿದರು, ಕೊನೆಯ ಗೇಟಿಗೆ ನೀರು ಬಿಡಲು ಹೇಳಿದರು.

ಮರುದಿನ ಮಲ್ಕಪ್ಪನ ಫೋಟೊ ಬಂತು. ಅದೇ ಅಳತೆಗಂಬ, ಎರಡರ ಗೆರೆ ಮುಟ್ಟಿದ ಕೆಂಪು ನೀರು. ಕರಿ ಆಡು ಹೊಟ್ಟೆಯವರೆಗೆ ತೊಯ್ದು, ದಂಡೆಯ ಮೇಲೆ ನಿಂತು ಸಿಟ್ಟಿನಿಂದ ನೋಡುತ್ತಿತ್ತು. ಕೆಳಗೆ ಬರೆದಿದ್ದ: "ಈಗ ಬಂದಾವ ನೋಡು ತಂಗಿ, ನಿನ್ನ ಎರಡು ಫೂಟ."

ಕಚೇರಿಯವರಿಗೆಲ್ಲ ತೋರಿಸಿ ಬಂದೆ. ಸಾಹೇಬರಿಗೆ ಎರಡು ಸಲ ತೋರಿಸಿದೆ.