ಕೈಗೆ ತಡವಾಗಿ ಮುಟ್ಟಿದ ಸುದ್ದಿ

ಬೋರ್ಡು ಬರೆಯುವ ಅಕ್ಕನಿಗೆ ದಾರವೆಂದರೆ ಆಗದು. ಬೇರೆಯವರು ಸುಣ್ಣದ ಪುಡಿ ಮೆತ್ತಿದ ದಾರವನ್ನು ಗೋಡೆಯುದ್ದಕ್ಕೂ ಎಳೆದು, ಚಟ್ಟನೆ ಬಿಟ್ಟು, ಮೂಡಿದ ಗೆರೆಯ ಮೇಲೆ ಅಕ್ಷರ ಕೂರಿಸುತ್ತಾರೆ. ಅಕ್ಕ ಬರೆಯುವುದೆಲ್ಲ ಕಣ್ಣಳತೆಯಲ್ಲೇ. "ಮತ್ತೆ ಕಣ್ಣಿರೋದು ಏನಕ್ಕೆ?" ಎನ್ನುತ್ತಿದ್ದಳು.

ಆ ಕಣ್ಣೇ ಕೈಕೊಟ್ಟಿತು. ಒಂದು ಬೆಳಿಗ್ಗೆ ಮಗ್ಗುಲು ಬದಲಿಸಿದ್ದೇ ತಡ, ಕೋಣೆ ಗಿರಗಿರನೆ ಸುತ್ತಿತು. ಕಿವಿಯೊಳಗಿನ ತೊಂದರೆ ಎಂದರು ಆಸ್ಪತ್ರೆಯ ಡಾಕ್ಟರು. ತಲೆಯನ್ನು ಹಾಗೆ ಹೀಗೆ ತಿರುಗಿಸಿ, ಮಲಗಿಸಿ, ಎಬ್ಬಿಸಿದ ಮೇಲೆ ಸುತ್ತು ನಿಂತಿತು. ಆದರೆ ದೋಣಿಯಲ್ಲಿ ನಿಂತಂಥ ತೂಗಾಟ ಉಳಿದುಬಿಟ್ಟಿತು. ತಲೆಯೆತ್ತಿದರೆ ಹೊಟ್ಟೆ ತೊಳಸುತ್ತಿತ್ತು, ಗೋಡೆಗಳೆಲ್ಲ ಬಲಕ್ಕೆ ವಾಲುತ್ತಿದ್ದವು.

ಅದೂ ಎಂಥ ಹೊತ್ತಿನಲ್ಲಿ! ಹೊಸ ಈಜುಕೊಳದ ಕಟ್ಟಡಕ್ಕೆ ಹೆಸರು ಬರೆಯಲು ಒಪ್ಪಿಕೊಂಡಿದ್ದಳು. ಊರಲ್ಲಿ ಅಷ್ಟು ದೊಡ್ಡ ಗೋಡೆ ಇನ್ನೊಂದಿಲ್ಲ. ಕಟ್ಟಡದವರು ಅಟ್ಟಣಿಗೆ ಬಿಚ್ಚುವುದರೊಳಗೆ ಬರೆಯದಿದ್ದರೆ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಹಾಳೆ ಅಂಟಿಸುವುದೆಂದು ಮ್ಯಾನೇಜರು ಹೇಳಿಯಾಗಿತ್ತು.

"ನಾನೇ ಹತ್ತಿ ಬರೀತೀನಿ ಬಿಡಕ್ಕಾ," ಎಂದ ತಮ್ಮ. ಇಷ್ಟು ವರ್ಷ ಅವಳ ಏಣಿ ಹಿಡಿದವನು ಅವನೇ.

"ನಿನ್ನ ಅಕ್ಷರಾನಾ? ಬಣ್ಣದ ಡಬ್ಬಕ್ಕೆ ಬಿದ್ದ ಜಿರಲೆ ಗೋಡೆ ಮೇಲೆ ಓಡಿದ ಹಾಗಿರುತ್ತೆ."

ಬಾಯಿ ಜೋರಾಗೇ ಇತ್ತು. ಆದರೆ ಹಿತ್ತಲಲ್ಲಿ ಹಲಗೆ ಇಟ್ಟುಕೊಂಡು ಬರೆದಾಗ, ಅವಳಿಗೆ ನೆಟ್ಟಗೆ ಕಂಡ ಅಕ್ಷರ ತಮ್ಮನಿಗೆ ಎಡಕ್ಕೆ ಬಾಗಿ ಕಾಣುತ್ತಿತ್ತು. ಅದನ್ನು ಸರಿದೂಗಿಸಲೆಂದು ಛಲ ಬಿಡದೆ ಪ್ರತಿ ಗೆರೆಯನ್ನೂ ಬೇಕೆಂತಲೇ ಬಲಕ್ಕೆಳೆದು ಅಭ್ಯಾಸ ಮಾಡಿದಳು.

ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಅನುಕೂಲವಾಗುತ್ತದೆ, ನಾನು ಹೇಳಿಕೊಟ್ಟ ತಲೆಯ ವ್ಯಾಯಾಮ ಬಿಡದೆ ಅದನ್ನೂ ಮಾಡಿಸಿ ನೋಡಿ ಎಂದು ಡಾಕ್ಟರು ಹೇಳಿದರು. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸೂಜಿ ಮೇಡಂ ಇದ್ದರು.

"ತುಂಬಾ ಚುಚ್ಚುತ್ತಾ ಮೇಡಂ?"

"ನಿಮ್ಮ ಮಾತಿನಷ್ಟಿಲ್ಲ ಅಂತ ನಿಮ್ಮ ತಮ್ಮ ಈಗಷ್ಟೇ ಹೇಳಿದ್ರು."

ನಕ್ಕು ಮುಗಿಸುವಷ್ಟರಲ್ಲಿ ಮಣಿಕಟ್ಟಿನ ಒಳಗೆ, ಮೊಣಕಾಲಿನ ಕೆಳಗೆ, ಕತ್ತಿನ ಹಿಂದೆ ಕೂದಲೆಳೆಯಂಥ ಸೂಜಿಗಳು ಇಳಿದಿದ್ದವು. ಚುಚ್ಚಿದ್ದಕ್ಕಿಂತ ಹೆಚ್ಚಾಗಿ ಗೊತ್ತಾದದ್ದು ಆಮೇಲಿನ ಭಾರ. ಕೈಕಾಲು ಸಡಿಲಾಗಿ, ಜೋಂಪು ಹತ್ತಿ, ಅಕ್ಕ ಗೊರಕೆ ಹೊಡೆದಳು. ವಾರಗಳು ಕಳೆದಂತೆ ಮೊದಲು ಹೊಟ್ಟೆ ತೊಳಸುವುದು ಬಿಟ್ಟಿತು. ಆಮೇಲೆ ನೆಲ ನೆಲದ ಹಾಗೆ ಕೂತಿತು. ಒಂದು ದಿನ ಗೋಡೆ ಹಿಡಿಯದೆ ಮೆಟ್ಟಿಲಿಳಿದವಳು ಸೀದಾ ಹಿತ್ತಲಿಗೆ ಹೋಗಿ ಕುಂಚ ಅದ್ದಿದಳು.

ಬರೆದು ಹಿಂದೆ ಸರಿದು ನೋಡಿದರೆ ಅಕ್ಷರ ಬಲಕ್ಕೆ ವಾಲಿತ್ತು!

"ಹೋಯ್ತು! ಮತ್ತೆ ಎಲ್ಲಾ ಬಲಕ್ಕೇ ವಾಲ್ತಿದೆ ಕಣೋ. ಸೂಜಿನೂ ಇಲ್ಲ, ಸುಡುಗಾಡೂ ಇಲ್ಲ. ಆ ಪ್ಲಾಸ್ಟಿಕ್ಕೇ ಅಂಟಿಸ್ಲಿ." ಕುಂಚ ಎಸೆದು ಕಲ್ಲಿನ ಮೇಲೆ ಕುಸಿದಳು.

ತಮ್ಮ ಒಳಗಿಂದ ದಾರ ತಂದ. ಅದರ ತುದಿಗೊಂದು ನಟ್ಟು ಕಟ್ಟಿ ಹಲಗೆಯ ಮುಂದೆ ಇಳಿಬಿಟ್ಟ. "ಬೈಬೇಡ. ಒಂದ್ಸಲ ನೋಡು."

ಅಕ್ಕ ಓರೆಗಣ್ಣಲ್ಲಿ ನೋಡಿದಳು. ದಾರ ನೆಟ್ಟಗಿತ್ತು. ಅದರ ಹಿಂದೆ ಮನೆಯ ಮೂಲೆ ನೆಟ್ಟಗಿತ್ತು, ಬಾಗಿಲ ಚೌಕಟ್ಟು ನೆಟ್ಟಗಿತ್ತು. ವಾಲಿದ್ದದ್ದು ಅವಳು ಬರೆದ ಅಕ್ಷರವೊಂದೇ. ಕಣ್ಣು ಸರಿಹೋದರೂ ಕೈ ಮಾತ್ರ ಕಾಯಿಲೆಯ ಕಾಲದಲ್ಲಿ ಕಲಿತಂತೆ ಬಲಕ್ಕೇ ಎಳೆಯುತ್ತಿತ್ತು.

"ಅಯ್ಯೋ ನನ್ನ ಪೆದ್ದುತನವೇ!" ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ತಲೆ ವಾಸಿಯಾಗಿದೆ ಕಣೋ! ಕೈಗಿನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೇ!"

ಕೈಗೆ ಸುದ್ದಿ ಮುಟ್ಟಿಸಲು ಹಲಗೆಗಳು ಸವೆದವು. ಡಾಕ್ಟರು ಪರೀಕ್ಷಿಸಿ ಹೂಂ ಎಂದ ಮೇಲೆ, ಸೊಂಟಕ್ಕೆ ಪಟ್ಟಿ ಬಿಗಿದು, ಇನ್ನೂ ಬಿಚ್ಚಿರದ ಅಟ್ಟಣಿಗೆ ಹತ್ತಿದಳು. ಹತ್ತುವ ಮುಂಚೆ, "ದಾರ ಕೊಡು, ಹಲ್ಲು ಕಿಸಿದ್ರೆ ಜೋಕೆ," ಎಂದಳು. ತಮ್ಮ ಮುಖ ತಿರುಗಿಸಿ ನಕ್ಕ.

ಮೊದಲ ಅಕ್ಷರದ ತುದಿ ತಲೆಗಿಂತ ಮೇಲಿತ್ತು. ಕತ್ತು ಹಿಂದಕ್ಕೆ ಬಾಗಿಸಲೇಬೇಕು. ಕಂಬಿ ಬಿಗಿಹಿಡಿದು, ಮೆಲ್ಲನೆ ತಲೆಯೆತ್ತಿದಳು. ಕಾದಳು. ಮೋಡವೊಂದು ತನ್ನ ಪಾಡಿಗೆ ಸಾಗುತ್ತಿತ್ತು, ಗೋಡೆ ಮಿಸುಕಲಿಲ್ಲ. ನಂಬದೆ ಇನ್ನೊಮ್ಮೆ, ಬೇಕೆಂತಲೇ, ಪೂರ್ತಿ ಕತ್ತೆತ್ತಿದಳು.

"ನಿಂತಿದೆ ಕಣೋ!" ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಕೂಗಿದಳು.

"ಏನು ನಿಂತಿರೋದು ಅಕ್ಕಾ?"

"ಎಲ್ಲಾ!"

ಎಂದವಳೇ ತುಂಬಿದ ಕುಂಚವನ್ನು ಗೋಡೆಗೊತ್ತಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಎಳೆದಳು.