ಮೊಡವೆಗೆ ಹಚ್ಚಿದ ಕಾಚಂಪುಳಿ

ತಂಗಿ ಸಿಂಚನಾಳ ಮುಖಕ್ಕೆ ಕಾಚಂಪುಳಿ ಹಚ್ಚಿದ್ದು ನಾನೇ. ಹಂದಿ ಸಾರಿಗೆ ಹಾಕುವ ಆ ಕಪ್ಪು ಹುಳಿಯನ್ನು ಅವಳ ವಯಸ್ಸಿನಲ್ಲಿ ನಾನೂ ಮೂಗಿಗೆ ಸವರಿಕೊಳ್ಳುತ್ತಿದ್ದೆ, ಬಟ್ಟಲು ನೀರಿಗೆ ನಾಲ್ಕೇ ಹನಿ. ಕಪ್ಪು ಚುಕ್ಕೆಗಳು ಹೋಗಿದ್ದವು. ತಾವಾಗಿಯೇ ಹೋದವೋ ಏನೋ. ಸಿಂಚನಾಳ ಮೊಡವೆಗಳು ದೊಡ್ಡವು, ಗಟ್ಟಿ ಹುಳಿಯೇ ಬೇಕೆಂದು ನೀರು ಬೆರೆಸಲಿಲ್ಲ. ನಾಲ್ಕು ದಿನ ಹಚ್ಚಿದೆ. ಐದನೆಯ ದಿನ ಚರ್ಮ ಸುಲಿಯಿತು. ಅಂದಿನಿಂದ ಅವಳು ಕಾಲೇಜಿಗೆ ಹೋಗಿಲ್ಲ. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ, ಅದಕ್ಕೂ ಹೋಗುವುದಿಲ್ಲ ಎಂದಳು.

ಮಡಿಕೇರಿಯ ಚರ್ಮದ ಡಾಕ್ಟರು ನನ್ನ ಬೆರಳನ್ನು ಅವಳ ದವಡೆಯ ಮೇಲೆ ಇಡಿಸಿದರು. ಹಣೆಯಲ್ಲಿರುವ ಬಿಳಿ, ಕಪ್ಪು ಚುಕ್ಕೆಗಳು ಮುಚ್ಚಿಹೋದ ರಂಧ್ರಗಳಷ್ಟೇ, ಕೆನ್ನೆಯ ಕೆಂಪು ಗುಳ್ಳೆ, ಕೀವುಗುಳ್ಳೆಗಳೂ ಮಾಯುತ್ತವೆ, ಆಳದಲ್ಲಿರುವ ಈ ಗಂಟುಗಳೇ ಗುಳಿ ಬಿಡುವುದು ಎಂದರು. ಬೆರಳಿಗೆ ಒಂದು ಗಂಟು ಕಾಫಿ ಬೀಜದಷ್ಟು ಗಟ್ಟಿಯಾಗಿ ಸಿಕ್ಕಿತು. ನನ್ನ ಹುಳಿ ಅದರ ಹತ್ತಿರವೂ ಹೋಗಿರಲಿಲ್ಲ.

"ಮುಖಕ್ಕೆ ಏನಾದ್ರೂ ಹಚ್ಚಿದ್ರಾ?"

ಸಿಂಚನಾ ನನ್ನನ್ನು ನೋಡಿದಳು. ಇಲ್ಲ, ಸೋಪು ಬದಲಾಯಿಸಿದ್ದಾಳೆ ಎಂದುಬಿಟ್ಟೆ. ಅವರು ಮಾತ್ರೆ, ಮುಲಾಮು ಬರೆದರು. ಮುಲಾಮು ಮೊದಲು ಉರಿಯುತ್ತದೆ, ಸ್ವಲ್ಪ ಸುಲಿಯುತ್ತದೆ, ಗಾಬರಿ ಬೇಡ ಎಂದರು.

ಮನೆಗೆ ಮರಳುವ ಮೂರ್ನಾಡಿನ ಬಸ್ಸಿನಲ್ಲಿ ಆ ಮುಲಾಮಿನ ಟ್ಯೂಬನ್ನು ಹಿಡಿದು ಕೂತೆ. ಗಾಬರಿ ಬೇಡ ಎಂದದ್ದು ನನ್ನ ಸುಳ್ಳನ್ನು ನಂಬಿ. ಸುಟ್ಟ ಚರ್ಮದ ಮೇಲೆ ಇನ್ನೊಂದು ಉರಿ.

ಶಾಲನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದ ಸಿಂಚನಾ ಕೇಳಿದಳು, "ಅಕ್ಕ, ಇದನ್ನೂ ನೀನೇ ಹಚ್ಚುದಾ?"

ಮುಂದಿನ ಸ್ಟಾಪಿನಲ್ಲಿ ಇಳಿದು ಎದುರಿನಿಂದ ಬಂದ ಬಸ್ಸು ಹತ್ತಿದೆವು. ಕ್ಲಿನಿಕ್ಕಿನ ಶಟರ್ ಅರ್ಧ ಎಳೆದಾಗಿತ್ತು. ಬಗ್ಗಿ ಒಳಗೆ ಹೋದೆ.

"ಡಾಕ್ಟ್ರೇ, ಕಾಚಂಪುಳಿ. ನೀರು ಹಾಕದೆ. ಹಚ್ಚಿದ್ದು ನಾನು."

ಡಾಕ್ಟರು ಕನ್ನಡಕ ತೆಗೆದರು. "ಹಂದಿಗೆ ಹಾಕೋದನ್ನ ಹುಡುಗಿಗೆ ಹಾಕಿದ್ರಲ್ಲಮ್ಮ."

ಮುಲಾಮನ್ನು ಬದಿಗಿಟ್ಟು ಸಾದಾ ಕ್ರೀಮು ಬರೆದರು. ಮೊದಲು ಸುಟ್ಟದ್ದು ಮಾಯಬೇಕು, ಅಲ್ಲಿಯವರೆಗೆ ಗಂಟಿಗೆ ಮಾತ್ರೆ ಮಾತ್ರ. ಗುಳಿ ಉಳಿಯುತ್ತದೆಯೇ ಎಂದು ಕೇಳಿದೆ. ಉಳಿಯಬಹುದು ಎಂದರು, ಅವಳ ಎದುರಿಗೇ.

ಹೊರಗೆ ಬಂದ ಮೇಲೆ ಸಿಂಚನಾ ಶಾಲನ್ನು ಮತ್ತೆ ಕಣ್ಣಿನವರೆಗೆ ಎಳೆದುಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು, "ಸೋಮವಾರ ಕಾಲೇಜಿಗೆ ನೀನೂ ಬಾ. ಎಂಥ ಆಯ್ತು ಅಂತ ಕೇಳಿದ್ರೆ ನೀನೇ ಹೇಳು. ನಂಗೆ ಆಗುದಿಲ್ಲೆ."

ಬರುತ್ತೇನೆ ಎಂದೆ. ಎಷ್ಟು ಸೋಮವಾರ ಹೇಳಬೇಕಾಗುತ್ತದೋ, ಕೇಳಲಿಲ್ಲ.