ಮಾಯಮ್ಮ ಓಡಿದ ಗುಡ್ಡ

ಉದಕಮಂಡಲದ ಪೇಟೆಯಲ್ಲಿದ್ದ ಶಿವಲಿಂಗಯ್ಯನ ಅಂಗಡಿಗೆ ದಾರ, ಗುಂಡಿ, ಉಣ್ಣೆ ಕೊಳ್ಳಲು ಬರುತ್ತಿದ್ದವರಲ್ಲಿ ಮಿಸ್ ವೀಲರ್ ಒಬ್ಬಳು. ಯಾವುದೋ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾಗಿದ್ದ ಒಂಟಿ ಇಂಗ್ಲಿಷ್ ಹೆಂಗಸು. ಗಂಡಸರ ಬೂಟು ಮೆಟ್ಟಿ, ಕೋಲು ಹಿಡಿದು, ಮಳೆ ಬಿಸಿಲೆನ್ನದೆ ಗುಡ್ಡ ಸುತ್ತುವುದೇ ಅವಳ ಕೆಲಸ. 1926ರ ಕಾರ್ತಿಕದಲ್ಲಿ ಒಂದು ದಿನ ಅವಳು ಬಂದದ್ದು ದಾರಕ್ಕಲ್ಲ.

ಅವಳೊಂದು ಸಣ್ಣ ಪುಸ್ತಕ ಬರೆಯುತ್ತಿದ್ದಳು. ತನ್ನ ದೇಶದ ಹಳ್ಳಿಗಾಡಿನಲ್ಲಿ ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಗಳ ನಡುವೆ ನಡೆದು ಬರುತ್ತಾರೆ, ಮಕ್ಕಳೂ ಅಜ್ಜಿಯರೂ ಹೋಗುತ್ತಾರೆ, ನಾಯಿಯೂ ಹೋಗುತ್ತದೆ. ಹಾಗೆ ನಡೆಯಬಹುದಾದ ಇಲ್ಲಿನ ದಾರಿಗಳನ್ನು ಬರೆದಿಡುತ್ತಿದ್ದೇನೆ ಎಂದು ತಮಿಳಿನಲ್ಲಿ ವಿವರಿಸಿದಳು.

"ನನಗೋ ಮಕ್ಕಳಿಲ್ಲ, ಕಾಲು ಉದ್ದ. ಎರಡು ಗಂಟೆಯ ದಾರಿ ಅಂತ ಬರೆದುಬಿಟ್ಟಿದ್ದೇನೆ. ಮಗು, ಮುದುಕಿ ಎಲ್ಲ ಜೊತೆಗಿದ್ದರೆ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ನಿಮ್ಮ ಮನೆಯವರು ಒಂದು ಸಲ ನಡೆದು ನೋಡಿ ಹೇಳುತ್ತೀರಾ?"

ಶಿವಲಿಂಗಯ್ಯನಿಗೆ ನಗು ಬಂತು. "ಎಲ್ಲಿಗೆ ಹೋಗ್ಬೇಕಮ್ಮ?"

"ಆ ಉತ್ತರದ ಗುಡ್ಡದ ತುದಿಗೆ."

"ಅಲ್ಲೇನೈತೆ?"

"ಏನೂ ಇಲ್ಲ. ಹೋಗುವುದು, ವಾಪಸ್ಸು ಬರುವುದು."

ಒಳಬಾಗಿಲ ಪರದೆಯ ಹಿಂದೆ ನಿಂತಿದ್ದ ಅವನ ಹೆಂಡತಿ ಸರ್ವಮಂಗಳೆ ಕಿವಿ ನಿಮಿರಿಸಿದಳು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದು ಹತ್ತು ವರ್ಷವಾಗಿತ್ತು. ಮನೆ, ಅಂಗಡಿ, ಸಂತೆ, ಗುಡಿ, ಇಷ್ಟೇ ಅವಳ ಊಟಿ. ಹಿತ್ತಲಲ್ಲಿ ಬಟ್ಟೆ ಹರವುವಾಗ ಸುತ್ತಲೂ ಗುಡ್ಡಗಳು ಕಾಣುತ್ತಿದ್ದವು. ಒಂದರ ಮೇಲೂ ಕಾಲಿಟ್ಟವಳಲ್ಲ. ಅವಳು ಪರದೆ ಸರಿಸಿ ಹೊರಗೆ ಬಂದೇಬಿಟ್ಟಳು. "ದಾರಿ ಹೇಳಿ, ನಾನು ಬರ್ಕೊತೀನಿ."

ಗಂಡ ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಹೊಲಿದಿದ್ದ ರಟ್ಟಿನ ಹಿಂಬದಿಯಲ್ಲಿ ಅವಳು ಪೆನ್ಸಿಲ್ಲಿನಿಂದ ಗೀಚತೊಡಗಿದ್ದಳು. ನಾಲ್ಕನೇ ತರಗತಿಯವರೆಗೆ ಓದಿದ್ದು ಹೀಗೆ ಉಪಯೋಗಕ್ಕೆ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಗಿನ ಜಾವಕ್ಕೇ ಎದ್ದು ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಯೊಂದಿಗೆ ಬುತ್ತಿ ಕಟ್ಟಿದಳು. ಎಂಟು ವರ್ಷದ ಕಲಾ ರಾತ್ರಿಯೇ ಜಡೆ ಹಾಕಿಸಿಕೊಂಡು ಮಲಗಿದ್ದಳು. ನಾಲ್ಕು ವರ್ಷದ ದೇವ ಬಾಗಿಲ ಚಿಲಕಕ್ಕೆ ಎಟುಕಲು ಕುಣಿಯುತ್ತಿದ್ದ. ಅತ್ತೆ ಮಾಯಮ್ಮನನ್ನು ಮನೆ ನೋಡಿಕೊಳ್ಳಲು ಬಿಡುವುದೆಂದು ಮಾತಾಗಿತ್ತು. ಆದರೆ ಮುದುಕಿ ಆಗಲೇ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದಳು.

"ಅವ್ವ, ನಿಂಗ್ಯಾಕೆ? ಏರು ದಾರಿ," ಎಂದ ಶಿವಲಿಂಗಯ್ಯ.

"ಮುದುಕಿನೂ ಬರ್ಬೇಕು ಅಂತ ಆ ದೊರೆಸಾನಿ ಹೇಳಿಲ್ವ? ನಾನಿಲ್ದೆ ಲೆಕ್ಕ ಹೆಂಗೆ ಸರಿಯಾದದು? ನಡಿ."

ಎರಡು ದಿನ ಮಳೆ ಹೊಡೆದು ಆಕಾಶ ತೊಳೆದಿಟ್ಟಂತಿತ್ತು. ಪೇಟೆಯ ಕೊನೆಯಲ್ಲಿ ಆಲೂಗಡ್ಡೆ ವ್ಯಾಪಾರಿ ಮಹಾಲಿಂಗಂ ಎದುರಾದ. ಇಡೀ ಸಂಸಾರ ಇಷ್ಟು ಬೆಳಿಗ್ಗೆ ಹೊರಟಿದ್ದು ಕಂಡು ಅವನ ಮುಖ ಸಪ್ಪಗಾಯಿತು.

"ಏನು ಶಿವಲಿಂಗಯ್ಯ, ಯಾರಿಗೇನಾಯ್ತು?"

"ಏನಿಲ್ಲ... ಗುಡ್ಡ ನೋಡಕ್ಕೆ."

"ಅಯ್ಯೋ, ಗುಡ್ಡಕ್ಕೇನಾಯ್ತು?"

ಶಿವಲಿಂಗಯ್ಯ ತಲೆ ತಗ್ಗಿಸಿ ಬಿರಬಿರನೆ ನಡೆದ. ಸರ್ವಮಂಗಳೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು; ಊರು ದಾಟುವವರೆಗೂ ಆ ನಗು ನಿಲ್ಲಲಿಲ್ಲ.

ಮೊದಲ ತೊಡಕು ಒಂದು ಬೇಲಿ. ದಾಟಲು ಇಟ್ಟಿದ್ದ ಮರದ ಮೆಟ್ಟಿಲು ಸೊಂಟದೆತ್ತರ. ಮಾಯಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೆಣ್ಣಾಡು ಹಾರಿದಂತೆ ಆಚೆಗಿಳಿದಳು. ಸರ್ವಮಂಗಳೆಯ ನೆರಿಗೆ ಮೊಳೆಗೆ ಸಿಕ್ಕಿ, ಅವಳು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕಲಾ ಬಿಡಿಸಿಕೊಟ್ಟಳು. ಇಳಿದವಳೇ ರಟ್ಟು ತೆಗೆದು ಬರೆದಳು: "ಇಲ್ಲಿ ಸೀರೆಯವರು ದಾಟಲಾರರು."

"ಇದನ್ನೂ ಹೇಳ್ತೀಯ ಅವ್ರಿಗೆ?" ಗಂಡನಿಗೆ ಆಶ್ಚರ್ಯ.

"ಕೇಳಿರೋದೇ ಇದನ್ನಲ್ವ?"

ಎರಡನೆಯ ತೊಡಕು ಇನ್ನೂ ದೊಡ್ಡದು. "ಬಿಳಿ ಕಾಂಡದ ದೊಡ್ಡ ನೀಲಗಿರಿ ಮರದ ಹತ್ತಿರ ಎಡಕ್ಕೆ ತಿರುಗಬೇಕು" ಎಂದು ರಟ್ಟಿನಲ್ಲಿತ್ತು. ತಲೆಯೆತ್ತಿ ನೋಡಿದರೆ ಮುಂದೆ, ಹಿಂದೆ, ಇಕ್ಕೆಲದಲ್ಲೂ ನೂರಾರು ದೊಡ್ಡ ಮರಗಳು, ಎಲ್ಲದರ ಕಾಂಡವೂ ಬಿಳಿ. ಒಂದರ ಹತ್ತಿರ ಎಡಕ್ಕೆ ತಿರುಗಿ ಮುಳ್ಳುಪೊದೆಗೆ ಹೋಗಿ ಮುಟ್ಟಿದರು. ಇನ್ನೊಂದರ ಹತ್ತಿರ ತಿರುಗಿದರೆ ಜೌಗು. ದೇವನ ಕಾಲು ಮೊಣಕಾಲವರೆಗೆ ಹೂತು, ಎಳೆದಾಗ ಪಚಕ್ಕೆಂದಿತು. ಆ ಸದ್ದಿಗೆ ಅವನು ಎಷ್ಟು ಖುಷಿಪಟ್ಟನೆಂದರೆ ಇನ್ನೊಂದು ಕಾಲನ್ನೂ ಬೇಕೆಂದೇ ಹೂತ.

"ಸಾಕು, ಮನೆಗೋಗಾಣ," ಎಂದ ಶಿವಲಿಂಗಯ್ಯ.

ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗುವುದೆಂದರೆ ಸರ್ವಮಂಗಳೆಗೆ ಅಳುವೇ ಬಂದಂತಾಯಿತು. ಅತ್ತಿತ್ತ ನೋಡಿದಳು. ಕೆಳಗಿನ ಪಟ್ಟಿ ಹೊಲದಲ್ಲಿ ಈ ಬೆಟ್ಟಸೀಮೆಯ ಬಡಗ ಜನದ ಗೌಡನೊಬ್ಬ ಆಲೂಗಡ್ಡೆ ಅಗೆಯುತ್ತಿದ್ದ. ಗಂಡನ ಕಡೆ ತಿರುಗದೆ ತಾನೇ ಕೂಗಿದಳು: "ಅಣ್ಣಾ, ಗುಡ್ಡದ ತುದಿಗೆ ದಾರಿ ಯಾವ್ದು?"

ಅವನ ಹೆಸರು ಜೋಗಿ. ಅವನಾಡಿದ ಬಡಗ ಮಾತಿನಲ್ಲಿ ಅರ್ಧ ತಿಳಿಯಿತು, ಉಳಿದರ್ಧವನ್ನು ಅವನ ಕೈ ಹೇಳಿತು. ಮರಗಳ ಕಡೆ ಹೋಗಲೇಬೇಡಿ, ಹೊಳೆಯ ಪಕ್ಕ ನಮ್ಮ ಎಮ್ಮೆ ಹೋಗುವ ದಾರಿಯಿದೆ, ಮಕ್ಕಳೂ ಆರಾಮಾಗಿ ಹತ್ತಬಹುದು, ಬೇಲಿ ಗೀಲಿ ಇಲ್ಲ. ಆದರೆ ಬೇಗ ಹೋಗಿ, ಎಂದು ಕಣಿವೆಯ ಕಡೆ ತೋರಿಸಿದ. ಅಲ್ಲಿ ಮಂಜು ಹಾಲು ಉಕ್ಕಿದಂತೆ ನಿಧಾನವಾಗಿ ಮೇಲೇರುತ್ತಿತ್ತು. ಅದು ತುದಿ ಮುಟ್ಟಿದರೆ ನಿಮ್ಮ ಕೈ ನಿಮಗೆ ಕಾಣದು ಎಂದ.

"ಹತ್ತಿ!" ಎಂದಳು ಸರ್ವಮಂಗಳೆ.

ಆಮೇಲಿನದು ನಡಿಗೆಯಲ್ಲ, ಪಂದ್ಯ. ಶಿವಲಿಂಗಯ್ಯ ದೇವನನ್ನು ಹೆಗಲಿಗೇರಿಸಿದ. ಕೆಸರು ಅವನ ಬಿಳಿ ಅಂಗಿಯ ಮೇಲೆಲ್ಲ ಇಳಿಯಿತು, ಅವನು ಗಮನಿಸಲೂ ಇಲ್ಲ. ಕಲಾ ಪ್ರತಿ ತಿರುವಿನಲ್ಲೂ ಹಿಂದೆ ನೋಡಿ "ಬತ್ತಾ ಐತೆ, ಬತ್ತಾ ಐತೆ!" ಎಂದು ಕಿರುಚುತ್ತಿದ್ದಳು. ಸರ್ವಮಂಗಳೆಯ ಉಸಿರು ಮೇಲೆ ಕೆಳಗಾಗಿತ್ತು, ಕೆನ್ನೆ ಕಾದಿತ್ತು. ಮದುವೆಗೆ ಮುಂಚೆ ಹೀಗೆ ಓಡಿದ್ದಿರಬೇಕು. ಎಲ್ಲರಿಗಿಂತ ಮುಂದೆ ಮಾಯಮ್ಮ, ಕಂಬಳಿಯನ್ನು ಕಂಕುಳಲ್ಲಿ ಅಮುಕಿಕೊಂಡು, ನಿಜಕ್ಕೂ ಓಡುತ್ತಿದ್ದಳು.

ತುದಿಯಲ್ಲಿ ಅವಳು ಗಕ್ಕನೆ ನಿಂತಳು. ಹಿಂದೆ ಬಂದವರೂ ನಿಂತರು.

ನೆಲ ಅಲ್ಲಿಗೆ ಮುಗಿದಿತ್ತು. ಕೆಳಗೆ, ಎಷ್ಟೋ ಕೆಳಗೆ, ಮಸಿನಗುಡಿಯ ಕಾಡು ಹಸಿರು ಹಚ್ಚಡದಂತೆ ಬಿದ್ದಿತ್ತು. ಅದರಾಚೆ ಬಯಲು, ಬಯಲಿನಾಚೆ ತೆಳು ನೀಲಿಯ ಒಂದು ಬೆಟ್ಟ.

ಮಾಯಮ್ಮ ಹಣೆಗೆ ಕೈ ಅಡ್ಡ ಹಿಡಿದಳು.

"ಲೇ ಶಿವ, ಅದು ಗೋಪಾಲಸ್ವಾಮಿ ಬೆಟ್ಟ ಅಲ್ವೇನ್ಲಾ?"

"ಅಷ್ಟು ದೂರದ್ದು ಕಂಡಾತೇನವ್ವ? ಬೇರೆ ಯಾವ್ದೋ ಇರ್ಬೇಕು."

"ಹುಟ್ಟಿದಾಗಿಂದ ನೋಡಿರೋ ಬೆಟ್ಟ ಕಣ್ಲಾ! ಬೆನ್ನು ನೋಡು, ಎತ್ತು ಮಲಗ್ದಂಗೆ! ಅದರ ಬುಡ್ದಲ್ಲೇ ನಮ್ಮೂರು ಹಂಗಳ. ನಮ್ಮಪ್ಪನ ಹೊಲ ಅಲ್ಲೇ!"

ಮೂವತ್ತು ವರ್ಷದ ಹಿಂದೆ, ಶಿವಲಿಂಗಯ್ಯನನ್ನು ಸೊಂಟದ ಮೇಲಿಟ್ಟುಕೊಂಡು, ತೊರಪಳ್ಳಿ ಗೂಡಲೂರಿನ ದಾರಿಯಲ್ಲಿ ಗಾಡಿ ಹತ್ತಿ ಬಂದವಳು ಮಾಯಮ್ಮ. ನಾಲ್ಕು ದಿನದ ಪಯಣ. ಹುಟ್ಟೂರೆಂದರೆ ಲೋಕದ ಆಚೆ ತುದಿ ಎಂದೇ ತಿಳಿದಿದ್ದಳು. ಅಪ್ಪ ಅಮ್ಮ ಹೋದಮೇಲೆ ಅತ್ತ ಕರೆಯುವವರೂ ಇರಲಿಲ್ಲ.

"ಹಿತ್ತಲ ಗುಡ್ಡ ಹತ್ತಿದ್ರೆ ಕಾಣ್ತಿತ್ತಲ್ಲ ಕಣವ್ವ! ಇಷ್ಟು ವರ್ಷ ಯಾರೂ ನಂಗೆ ಹೇಳ್ಳಿಲ್ವಲ್ಲ!" ಎಂದು ಸೊಸೆಯ ತೋಳು ಹಿಡಿದು ಅಲ್ಲಾಡಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಸರ್ವಮಂಗಳೆಗೆ ತಿಳಿಯಲಿಲ್ಲ. ಸೊಸೆಯ ಕಣ್ಣೂ ಮಸುಕಾಗಿತ್ತು. ಅವಳ ತವರೂ ಆ ಬಯಲಲ್ಲೇ ಎಲ್ಲೋ ಇತ್ತು. ಇಬ್ಬರೂ ಬೆರಳು ಚಾಚಿ, ಅದು ಕೆರೆ, ಇದು ರಸ್ತೆ, ಅಲ್ಲ, ಅದೇ ರಸ್ತೆ ಎಂದು ಜಗಳಕ್ಕೇ ಬಿದ್ದರು. ಶಿವಲಿಂಗಯ್ಯನೂ ನಾಚಿಕೆ ಬಿಟ್ಟು ಬಂಡೆ ಹತ್ತಿ, "ಹೋ... ಹಂಗಳಾ!" ಎಂದು ಕೂಗಿದ. ಮಕ್ಕಳು ಇನ್ನೂ ಜೋರಾಗಿ ಕೂಗಿದರು.

ಹತ್ತು ನಿಮಿಷ ಸಿಕ್ಕಿರಬಹುದು. ಆಮೇಲೆ ಮಂಜು ತಣ್ಣಗೆ ಮುಖಕ್ಕೆ ತಾಕಿತು, ಬಯಲೂ ಬೆಟ್ಟವೂ ಮುಚ್ಚಿಹೋದವು. ಆ ಬಿಳಿ ಮಂಜಿನ ನಡುವೆ ಐದು ಜನ ಮೈಗೆ ಮೈ ಒತ್ತಿ ಕೂತು ರೊಟ್ಟಿ ತಿಂದರು. ಅಷ್ಟು ರುಚಿಯ ರೊಟ್ಟಿಯನ್ನು ತಾನು ಯಾವತ್ತೂ ಮಾಡಿರಲಿಲ್ಲ ಎಂದುಕೊಂಡಳು ಸರ್ವಮಂಗಳೆ.

ಸೋಮವಾರ ಮಿಸ್ ವೀಲರ್ ಬಂದಾಗ ಸರ್ವಮಂಗಳೆಯೇ ಅಂಗಡಿಯ ಮುಂದೆ ನಿಂತು ಒಂದೊಂದಾಗಿ ಹೇಳಿದಳು: ಎರಡಲ್ಲ, ನಾಲ್ಕು ಗಂಟೆ, ಬೇಲಿಯ ದಾರಿ ಬೇಡ, ಹೊಳೆಯ ಪಕ್ಕದ ಎಮ್ಮೆದಾರಿ ಹಿಡಿಯಬೇಕು, ಮರದ ಗುರುತು ಯಾರಿಗೂ ಆಗುವುದಿಲ್ಲ, ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಡದಿದ್ದರೆ ಏನೂ ಕಾಣದು.

ಮಿಸ್ ವೀಲರ್ ತನ್ನ ಬರಹದಲ್ಲಿ ಸರಸರನೆ ಗೀಟು ಹಾಕುತ್ತಾ ಹೋದಳು. "ತುದಿಯಿಂದ ಏನು ಕಂಡಿತು? ನಾನು 'ದೂರದ ಬಯಲು' ಅಂತ ಬರೆದಿದ್ದೇನೆ."

"ಬಯಲಲ್ಲ," ಎಂದು ಒಳಗಿನಿಂದ ಮಾಯಮ್ಮ ಎದ್ದೇ ಬಂದಳು. ಸೊಸೆಯ ಬಾಯಿಂದ ತಮಿಳಾಗಿ ಹೊರಬಿದ್ದ ಅವಳ ಮಾತನ್ನು ಕೇಳುತ್ತಾ ಮಿಸ್ ವೀಲರ್ ಪೆನ್ನು ಕೆಳಗಿಟ್ಟಳು. ಆ ಗುಡ್ಡವನ್ನು ನಲವತ್ತು ಸಲ ಹತ್ತಿದವಳು ಅವಳು. ಆ ಬಯಲಲ್ಲಿ ಯಾರದೋ ಮನೆಯಿದೆ ಎಂದು ಒಂದು ಸಲವೂ ಹೊಳೆದಿರಲಿಲ್ಲ. ಬೆಟ್ಟದ ಹೆಸರನ್ನು ಮೂರು ಸಲ ಹೇಳಿಸಿಕೊಂಡು, ಹಂಗಳದ ಹೆಸರನ್ನೂ ಕೇಳಿಕೊಂಡು ಬರೆದಳು.

"ಪುಸ್ತಕದಲ್ಲಿ ಇನ್ನೂ ಹನ್ನೊಂದು ದಾರಿ ಇದೆ," ಎಂದು ಸ್ವಲ್ಪ ಅಳುಕುತ್ತಲೇ ಶಿವಲಿಂಗಯ್ಯನ ಮುಖ ನೋಡಿದಳು.

ಶಿವಲಿಂಗಯ್ಯ ಹೆಂಡತಿಯ ಕಡೆ ನೋಡಿದ. "ಇಲ್ಲೇ ಪಕ್ಕದ ನಂಜನಾಡಿನ ಕಡೆ ದಾರಿ ಯಾವ್ದಾರೂ ಐತಾ ಕೇಳು," ಎಂದ. "ಈ ಭಾನುವಾರ ಅದನ್ನ ನೋಡಾಣ."